ಸಂಪಾದಕರ ಉತ್ತರ: 30ಕ್ಕೆ 26 ಬೀಳುತ್ತಿದ್ದ ಸರ್ವಿಸ್ ಪಂದ್ಯದಲ್ಲಿ ಎಲ್ಲಿ ಹೋಯಿತು?

ಕುಮಟಾ ತಾಲೂಕಿನ ಅಘನಾಶಿನಿ ದಡದಿಂದ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ತಿರುಳು ಇಷ್ಟು. ಮಗಳು 8ನೇ ತರಗತಿ, ಶಾಲೆಯ ವಾಲಿಬಾಲ್ ತಂಡದಲ್ಲಿದ್ದಾಳೆ. ಹೋದ ವರ್ಷ ಅಭ್ಯಾಸದಲ್ಲಿ ಸಾಲಾಗಿ 30 ಸರ್ವಿಸ್ ಹೊಡೆದರೆ 26 ಆಚೆ ಬೀಳುತ್ತಿದ್ದವು. ತಾಲೂಕು ಮಟ್ಟದ ಪಂದ್ಯದಲ್ಲಿ ಅವಳು ಹೊಡೆದದ್ದು 5. ಅದರಲ್ಲಿ 4 ನೆಟ್‌ಗೆ. ಈ ವರ್ಷ ಹೊಸ ಪಿ.ಟಿ. ಮಾಸ್ತರು ಬಂದಿದ್ದಾರೆ, ಸಾಲಾಗಿ ಸರ್ವಿಸ್ ಹೊಡೆಸುವುದನ್ನೇ ನಿಲ್ಲಿಸಿದ್ದಾರೆ. ಒಂದು ಸರ್ವಿಸ್, ಓಡಿ ಹೋಗಿ ಒಂದು ಪಾಸ್, ಒಂದು ಲಿಫ್ಟ್, ಆಮೇಲೆ ಬೇರೆ ಮೂಲೆಗೆ ಇನ್ನೊಂದು ಸರ್ವಿಸ್. ಮಕ್ಕಳು ಮೊದಲಿಗಿಂತ ಜಾಸ್ತಿ ತಪ್ಪುತ್ತಿದ್ದಾರೆ. "ಇದು ಕಲಿಸುವ ರೀತಿಯಾ? ನಾನು ಬೀಸುಬಲೆ ಹಾಕುವವ. ಅಪ್ಪ ನೂರು ಸಲ ಬೀಸಿಸಿ ಕಲಿಸಿದ. ಮೊದಲು ಮರಳಿನ ಮೇಲೆ, ಆಮೇಲೆ ಮೊಣಕಾಲು ನೀರಲ್ಲಿ, ಆಮೇಲೆ ದೋಣಿಯಲ್ಲಿ. ಹೆಡ್‌ಮಾಸ್ತರಿಗೆ ದೂರು ಕೊಡಲಾ?" ಎಂದು ಕೇಳಿದ್ದಾರೆ.

ಕೊಡಬೇಡಿ ಮಾರಾಯ್ರೇ. ಮಾಸ್ತರು ಸರಿಯಾಗೇ ಮಾಡುತ್ತಿದ್ದಾರೆ. ಹೋದ ವರ್ಷದ ಆ 26 ಇದೆಯಲ್ಲ, ನಿಮಗೆ ಮೋಸ ಮಾಡಿದ್ದು ಅದು.

ಪಂದ್ಯದಲ್ಲಿ ಯಾರಾದರೂ ಸಾಲಾಗಿ 30 ಸರ್ವಿಸ್ ಹೊಡೆಯುತ್ತಾರಾ? ಅಂಕಣದಲ್ಲಿ 6 ಜನ. ಒಮ್ಮೆ ಸರ್ವಿಸ್ ಕೈತಪ್ಪಿದರೆ, ಉಳಿದ 5 ಜನರ ಸರದಿ ಮುಗಿದ ಮೇಲೇ ಮತ್ತೆ ನಿಮ್ಮ ಮಗಳ ಸರದಿ. ಅಷ್ಟರಲ್ಲಿ ಅವಳು ನೆಟ್ ಹತ್ತಿರ ಹಾರಿರುತ್ತಾಳೆ, ಮಣ್ಣಿಗೆ ಬಿದ್ದೆದ್ದಿರುತ್ತಾಳೆ, ಗೆಳತಿಯಿಂದ ಬೈಸಿಕೊಂಡಿರುತ್ತಾಳೆ. ಆಮೇಲೆ ಸೀಟಿ. ಸೀಟಿಯಾದ 8 ಸೆಕೆಂಡಿನೊಳಗೆ ಚೆಂಡು ಹೊಡೆಯಬೇಕು. ಹಿಂದಿನ ಸರ್ವಿಸ್ ಹೇಗೆ ಹೊಡೆದಿದ್ದೆ ಅನ್ನುವುದು ಕೈಗೆ ಮರೆತೇ ಹೋಗಿರುತ್ತದೆ. ಸಾಲಾಗಿ ಹೊಡೆಯುವಾಗ ಹಾಗಲ್ಲ. ಮೊದಲ ನಾಲ್ಕು ನೆಟ್‌ಗೆ ಹೋದರೆ ಐದನೆಯದನ್ನು ಚೂರು ಮೇಲಕ್ಕೆ ಹೊಡೆಯಬಹುದು. ಅದು ಸರಿ ಬಿತ್ತು ಅಂದರೆ ಅದನ್ನೇ ನಕಲು ಮಾಡುತ್ತಾ ಹೋದರಾಯಿತು. ಆ 26ರಲ್ಲಿ ಕಲಿತದ್ದು ಎಷ್ಟು, ನಕಲು ಎಷ್ಟು? ಪಂದ್ಯದ 5 ಸರ್ವಿಸ್‌ಗಳೂ ಅವಳಿಗೆ ಮೊದಲನೆಯದೇ ಆಗಿದ್ದವು.

ಇದು ನನ್ನ ಸ್ವಂತ ತರ್ಕ ಅಂತ ತಿಳಿಯಬೇಡಿ. ಅಮೆರಿಕದ ಕಾಲೇಜು ಬೇಸ್‌ಬಾಲ್ ಆಟಗಾರರ ಮೇಲೆ ನಡೆಸಿದ ಒಂದು ಅಧ್ಯಯನ 1994ರಲ್ಲಿ ಪ್ರಕಟವಾಯಿತು. ವಾರಕ್ಕೆ 2 ದಿನ, 6 ವಾರ, ದಿನಕ್ಕೆ 45 ಎಸೆತಕ್ಕೆ ಬ್ಯಾಟ್ ಬೀಸಬೇಕು. ಮೂರು ಬಗೆಯ ಎಸೆತ, ಒಂದೊಂದು 15. ಒಂದು ಗುಂಪಿಗೆ ಒಂದು ಬಗೆಯ 15 ಮುಗಿಸಿ ಇನ್ನೊಂದು ಬಗೆ ಹಾಕಿದರು. ಇನ್ನೊಂದು ಗುಂಪಿಗೆ ಮೂರನ್ನೂ ಕಲಸಿ ಹಾಕಿದರು, ಮುಂದೆ ಯಾವುದು ಬರುತ್ತದೆ ಅಂತ ಗೊತ್ತಿಲ್ಲದ ಹಾಗೆ. ಕೊನೆಯ ಪರೀಕ್ಷೆಯಲ್ಲಿ ಕಲಸಿ ಆಡಿದವರೇ ಹೆಚ್ಚು ಸುಧಾರಿಸಿದ್ದರು. ಮಕ್ಕಳ ಮೇಲೂ ಇಂಥದ್ದೇ ಒಂದು ಪ್ರಯೋಗ ಇದೆ, 1978ರದ್ದು. 8 ವರ್ಷದ ಮಕ್ಕಳು ಕಾಳು ತುಂಬಿದ ಚಿಕ್ಕ ಚೀಲವನ್ನು ಗುರಿಗೆ ಎಸೆಯಬೇಕು. ಒಂದು ಗುಂಪು ಬರೀ 3 ಅಡಿಯಿಂದ ಎಸೆದು ಕಲಿಯಿತು. ಇನ್ನೊಂದು ಗುಂಪು 2 ಅಡಿ ಮತ್ತು 4 ಅಡಿಯಿಂದ. ಕೊನೆಗೆ ಎಲ್ಲರಿಗೂ 3 ಅಡಿಯ ಪರೀಕ್ಷೆ. ಗೆದ್ದವರು ಯಾರು ಹೇಳಿ? 3 ಅಡಿಯಿಂದ ಒಂದು ಸಲವೂ ಅಭ್ಯಾಸ ಮಾಡದವರು!

ಈಗ ನಿಮ್ಮ ಬಲೆಗೆ ಬರೋಣ. ನಿಮ್ಮ ತಂದೆ ನೂರು ಸಲ ಬೀಸಿಸಿದರು, ಸರಿ. ಆದರೆ ಒಂದನ್ನೇ ಬೀಸಿಸಿದರಾ? ಮರಳು, ನೀರು, ದೋಣಿ ಅಂತ ನೀವೇ ಬರೆದಿದ್ದೀರಿ. ಭರತದಲ್ಲಿ ಒಂದು ಥರ, ಇಳಿತದಲ್ಲಿ ಇನ್ನೊಂದು ಥರ. ಗಾಳಿ ಎದುರಿಗಿದ್ದರೆ ಬೇರೆ ಕೈ, ದೋಣಿ ವಾಲಿದರೆ ಬೇರೆ ಕಾಲು. ಬಲೆ ಮಾತ್ರ ಪ್ರತಿಸಲ ಗುಂಡಗೆ ಅರಳಿ ಬೀಳಬೇಕು. 1920ರ ದಶಕದಲ್ಲಿ ಮಾಸ್ಕೋದಲ್ಲಿ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ ಪಳಗಿದ ಕೆಲಸಗಾರರು ಸುತ್ತಿಗೆ ಹೊಡೆಯುವುದನ್ನು ಚಿತ್ರ ತೆಗೆದು ಅಳೆದ. ಸುತ್ತಿಗೆ ಬೀಳುವ ಜಾಗ ಹೆಚ್ಚುಕಡಿಮೆ ಒಂದೇ. ಆದರೆ ಭುಜ, ಮೊಣಕೈ, ಮಣಿಕಟ್ಟು ಪ್ರತಿ ಏಟಿಗೂ ಬೇರೆ ಬೇರೆ ಥರ ಸಾಗಿದ್ದವು. ಕೈಗೆ ಕೂತದ್ದು ಒಂದೇ ಅಚ್ಚಿನ ಚಲನೆ ಅಲ್ಲ, ಆಯಾ ಹೊತ್ತಿಗೆ ಸರಿಹೊಂದಿಸಿಕೊಳ್ಳುವ ಬಗೆ. ನಿಮ್ಮ ತಂದೆ ಕಲಿಸಿದ್ದು ಅದನ್ನೇ. ಹೊಸ ಮಾಸ್ತರು ಕಲಿಸುತ್ತಿರುವುದೂ ಅದನ್ನೇ.

ಒಂದು ಮಾತು ನಿಮ್ಮ ಕಡೆಯಿಂದಲೂ ಹೇಳಬೇಕು. ಚೆಂಡನ್ನು ಮೊದಲ ಸಲ ಮುಟ್ಟುವ ಮಗುವಿಗೆ ಎಲ್ಲವನ್ನೂ ಕಲಸಿ ಕೊಟ್ಟರೆ ತಲೆ ಕೆಡುತ್ತದೆ. ಶುರುವಿಗೆ ಒಂದನ್ನೇ ಸ್ವಲ್ಪ ದಿನ ಮಾಡಬೇಕು. ನಿಮ್ಮ ಮಗಳು ಆ ಹಂತ ದಾಟಿದ್ದಾಳೆ.

ಪತ್ರದ ಮೂರನೇ ಪುಟದಲ್ಲಿ ನೀವು ಸುಮ್ನೆ ಹೇಳಿ ಹೋದ ಒಂದು ವಿಷಯ ನನ್ನನ್ನು ತಡೆದು ನಿಲ್ಲಿಸಿತು. ಸರ್ವಿಸ್ ಹೊತ್ತಿಗೆ ನೀವು ಗೆರೆ ಹತ್ತಿರ ನಿಂತು "ಮೊಣಕೈ ನೇರ ಮಾಡು, ಮಣಿಕಟ್ಟು ಬಿಗಿ ಹಿಡಿ" ಅಂತ ಕೂಗುತ್ತೀರಂತೆ. ಇದಕ್ಕೆ ನಮ್ಮ ಮನೆ ಕತೆ ಹೇಳುತ್ತೇನೆ. ನಮ್ಮದು ಶಿರಸಿ ಕಡೆ. ಅಡಿಕೆ ಸುಲಿಯುವ ಕಾಲ ಬಂದರೆ ರಾತ್ರಿ ಊಟ ಮುಗಿಸಿ ಆಯಿ ಮೆಟ್ಟುಗತ್ತಿ ಹಿಡಿದು ಕೂರುತ್ತಿದ್ದಳು. ಹಸಿ ಅಡಿಕೆಯನ್ನು ಕತ್ತಿಗೆ ಒತ್ತುವುದು, ತಿರುಗಿಸುವುದು, ಸಿಪ್ಪೆ ಒಂದು ಕಡೆ, ಅಡಿಕೆ ಬುಟ್ಟಿಗೆ. ಕಣ್ಣು ನನ್ನ ಮೇಲೆ, ಬಾಯಲ್ಲಿ ಊರ ಸುದ್ದಿ. ನನಗೆ ಕಲಿಯುವ ಆಸೆ. "ಆಯಿ, ಸಿಪ್ಪೆ ಬಿಡಿಸುವಾಗ ಯಾವ ಬೆರಳು ಒತ್ತುತ್ತದೆ?" ಅಂದೆ. ಅವಳು ಕೈ ನಿಧಾನ ಮಾಡಿ ತನ್ನ ಬೆರಳನ್ನೇ ನೋಡಿದಳು. ಅಡಿಕೆ ಜಾರಿತು, ಹೆಬ್ಬೆರಳಿಗೆ ಕತ್ತಿ ತಾಗಿತು. ಆ ಹೊತ್ತಿನಲ್ಲಿ ಬೈದ ಮಾತುಗಳನ್ನು ಇಲ್ಲಿ ಅಚ್ಚು ಹಾಕಲು ಬರುವುದಿಲ್ಲ.

ಪಳಗಿದ ಕೈಯ ಗತಿಯೇ ಹೀಗಾದರೆ ಕಲಿಯುವ ಕೈ ಏನು ಮಾಡೀತು? ಗೇಬ್ರಿಯೆಲ್ ವುಲ್ಫ್ ಎಂಬ ಸಂಶೋಧಕಿ ಮತ್ತು ಜೊತೆಗಾರರು 1998ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಹಿಮದಲ್ಲಿ ಜಾರುವ ಆಟವನ್ನು ಹೋಲುವ ಒಂದು ಯಂತ್ರ. ಅದರ ಮೇಲೆ ನಿಂತವರಲ್ಲಿ ಕೆಲವರಿಗೆ "ಪಾದದ ಮೇಲೆ ಗಮನ ಇಡಿ" ಅಂದರು. ಕೆಲವರಿಗೆ "ಪಾದದ ಕೆಳಗಿನ ಗಾಲಿಗಳ ಮೇಲೆ ಗಮನ ಇಡಿ" ಅಂದರು. ವ್ಯತ್ಯಾಸ ಕೆಲವೇ ಅಂಗುಲದ್ದು. ಗಾಲಿಯ ಮೇಲೆ ಗಮನ ಇಟ್ಟವರು ಚೆನ್ನಾಗಿ ಕಲಿತರು. ಹಾಗಾಗಿ ಮೊಣಕೈ ಬಿಡಿ. ಏನಾದರೂ ಹೇಳಲೇಬೇಕು ಅನ್ನಿಸಿದರೆ "ಆ ಮೂಲೆಗೆ ಹಾಕು" ಅನ್ನಿ. ಅದನ್ನೂ ಪ್ರತಿ ಸರ್ವಿಸ್‌ಗೆ ಹೇಳಬೇಡಿ. ಪಂದ್ಯದ ದಿನ ನೀವು ಅಲ್ಲಿರುತ್ತೀರೋ, ಬಲೆ ಹಿಡಿದು ನದಿಯಲ್ಲಿರುತ್ತೀರೋ ಯಾರಿಗೆ ಗೊತ್ತು?

ಕಲಿತಳೋ ಇಲ್ಲವೋ ಅಂತ ನೋಡಬೇಕಿದ್ದರೆ ಅಭ್ಯಾಸದ ಕೊನೆಗೆ ಎಣಿಸಬೇಡಿ, ಆಗ ಯಾರ ಕೈಯಾದರೂ ಚೆನ್ನಾಗೇ ಓಡುತ್ತಿರುತ್ತದೆ. ಭಾನುವಾರ ರಜೆ ಕಳೆದು ಸೋಮವಾರ ಬಂದಾಗ ಅವಳ ಮೊದಲನೇ ಸರ್ವಿಸ್ ನೋಡಿ. ಒಂದೇ ಒಂದು. ತಿಂಗಳಿಗೆ ನಾಲ್ಕು ಸೋಮವಾರ ಬರೆದಿಟ್ಟುಕೊಳ್ಳಿ, ಮೂರು ತಿಂಗಳು. ಆಮೇಲೂ ದೂರು ಕೊಡಬೇಕು ಅನ್ನಿಸಿದರೆ ನನಗೇ ಬರೆಯಿರಿ.

ಕೊನೆಗೆ ಕೇಳಿದ್ದೀರಿ, ಮನೆ ಹತ್ತಿರ ಎರಡು ತೆಂಗಿನ ಮರಕ್ಕೆ ಹಗ್ಗ ಕಟ್ಟಿ ಅಭ್ಯಾಸ ಮಾಡಿಸಲಾ ಅಂತ. ಕಟ್ಟಿ. ಮಹಿಳೆಯರ ಪಂದ್ಯಕ್ಕೆ ನೆಟ್ ಎತ್ತರ 2.24 ಮೀಟರ್. ಅವಳ ವಯಸ್ಸಿನವರಿಗೆ ಶಾಲೆಯಲ್ಲಿ ಎಷ್ಟಕ್ಕೆ ಕಟ್ಟುತ್ತಾರೆ ಅಂತ ಮಾಸ್ತರನ್ನೇ ಕೇಳಿ, ಆ ನೆಪದಲ್ಲಿ ಅವರ ಜೊತೆ ಒಂದು ಮಾತಾದರೂ ಆಗಲಿ. ಹೊಡೆಯುವ ಗೆರೆ ಹಗ್ಗದಿಂದ 9 ಮೀಟರ್ ಹಿಂದೆ. ದಿನಕ್ಕೆ ಅರ್ಧ ಗಂಟೆ ಸಾಕು. ಒಂದೇ ಚೆಂಡು ಕೊಡಿ. ಅದು ಪಕ್ಕದ ಮನೆಯ ಬೇಲಿ ಹಾರಿದರೆ ನೀವು ತರಲು ಹೋಗಬೇಡಿ, ಅವಳೇ ಹೋಗಿ ಹುಡುಕಿ ತರಲಿ. ಎರಡು ಸರ್ವಿಸ್ ನಡುವೆ ಬೇಕಾದಷ್ಟು ಬಿಡುವು ಅಲ್ಲೇ ಸಿಗುತ್ತದೆ.