ಸಂಪಾದಕರ ಉತ್ತರ: ಸಹಿ ಇದ್ದರೆ ಸಾಕೇ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಬೇರೆ ಬೇರೆ ತೂಕದ ಇಬ್ಬರು ಬಾಕ್ಸರ್‌ಗಳು ನಡುವಿನ ಒಂದು ತೂಕಕ್ಕೆ ಒಪ್ಪಿ ಸೆಣಸಿದರೆ ನಿಮ್ಮ ಪತ್ರಿಕೆ ಅದನ್ನು ಅನ್ಯಾಯ ಎನ್ನುತ್ತದೆ. ಇಬ್ಬರೂ ಓದಿಯೇ ಸಹಿ ಹಾಕಿರುತ್ತಾರೆ, ಕೋಟಿಗಟ್ಟಲೆ ಹಣ ಪಡೆದಿರುತ್ತಾರೆ. ಎರಡು ಪೌಂಡ್ ಎಂದರೆ ಒಂದು ಕೆ.ಜಿ.ಯೂ ಇಲ್ಲ. ದಸರಾ ಕುಸ್ತಿಯಲ್ಲಿ ಹಿರಿಯರು ಜೋಡಿ ಕಟ್ಟಿದರೆ ಯಾರೂ ಚಕಾರ ಎತ್ತುವುದಿಲ್ಲ. ಬಾಕ್ಸಿಂಗ್‌ಗೆ ಮಾತ್ರ ಏಕೆ ಈ ತಕರಾರು? ಅಮೆರಿಕದ ಬಾಕ್ಸರ್ ಕ್ರಾಫರ್ಡ್ ಯಾವ ರಿಯಾಯಿತಿಯನ್ನೂ ಕೇಳದೆ ಗೆದ್ದರು ಎಂದು ಉಳಿದವರನ್ನೆಲ್ಲ ಹಳಿಯಬೇಕೇ?"

ಮಾನ್ಯರೇ, ಜೋಡಿ ಕಟ್ಟುವ ಮಾತನ್ನು ನೀವೇ ಎತ್ತಿದ್ದು ಒಳ್ಳೆಯದಾಯಿತು. ಮೈಸೂರಿನಲ್ಲಿ ಜೋಡಿ ಕಟ್ಟುವ ಹಿರಿಯರಿಗೆ ಯಾವ ಹುಡುಗ ಗೆದ್ದರೂ ಒಂದೇ. ಮೈಕಟ್ಟು, ವಯಸ್ಸು, ಅನುಭವ ನೋಡಿ ಸರಿಸಮ ಎನಿಸಿದರೆ ಒಪ್ಪುತ್ತಾರೆ, ಇಲ್ಲವಾದರೆ ವಾಪಸು ಕಳುಹಿಸುತ್ತಾರೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ತೂಕವನ್ನು ನಿಗದಿ ಮಾಡುವುದು ಆ ಇಬ್ಬರ ವ್ಯವಸ್ಥಾಪಕರು ಮತ್ತು ಪ್ರವರ್ತಕರು. ಟಿಕೆಟ್ ಯಾರ ಹೆಸರಿನಲ್ಲಿ ಮಾರಾಟವಾಗುತ್ತದೆಯೋ ಅವನ ಕಡೆಯವರ ಮಾತು ನಡೆಯುತ್ತದೆ. ಕ್ಯಾಚ್‌ವೇಟ್ ಎಂಬ ಈ ನಡುವಿನ ತೂಕದ ಏರ್ಪಾಟಿನ ಬಗ್ಗೆ ನನ್ನ ಆಕ್ಷೇಪ ಇಲ್ಲಿಂದಲೇ ಶುರುವಾಗುತ್ತದೆ.

ನಡುವಿನ ತೂಕ ತನ್ನಷ್ಟಕ್ಕೆ ತಪ್ಪಲ್ಲ. ಒಬ್ಬ 147 ಪೌಂಡ್‌ನ ವೆಲ್ಟರ್‌ವೇಟ್, ಇನ್ನೊಬ್ಬ 160ರ ಮಿಡಲ್‌ವೇಟ್. ಚಿಕ್ಕವನು ಏರಿ ದೊಡ್ಡವನು ಇಳಿದು ಎಲ್ಲೋ ಮಧ್ಯದಲ್ಲಿ ಸಂಧಿಸಿದರೆ, ಪಣಕ್ಕೆ ಯಾವ ಪಟ್ಟವೂ ಇಲ್ಲದಿದ್ದರೆ, ಅದನ್ನು ನಾನೂ ಸಂತೋಷದಿಂದ ನೋಡುತ್ತೇನೆ. ದೊಡ್ಡವನ ಪಟ್ಟಕ್ಕೇ ಕೈಹಾಕಿ, ಅವನನ್ನು ಅವನ ವರ್ಗದ ಮಿತಿಗಿಂತ ಕೆಳಗೆ ಇಳಿಸಿದಾಗ ಮಾತ್ರ ನನಗೆ ಸಿಟ್ಟು ಬರುತ್ತದೆ. 1988ರ ನವೆಂಬರ್‌ನಲ್ಲಿ ಷುಗರ್ ರೇ ಲಿಯೊನಾರ್ಡ್ ಲಾಸ್ ವೇಗಸ್‌ನಲ್ಲಿ ಕೆನಡಾದ ಡಾನಿ ಲಲಾಂಡ್ ಅವರನ್ನು ಎದುರಿಸಿದರು. ಲಲಾಂಡ್ 175 ಪೌಂಡ್‌ನ ಲೈಟ್ ಹೆವಿವೇಟ್ ಚಾಂಪಿಯನ್. ಕರಾರು ಅವರನ್ನು 168ಕ್ಕೆ ಇಳಿಸಿತು. 168ರ ಸೂಪರ್ ಮಿಡಲ್‌ವೇಟ್‌ಗೆ ಪಟ್ಟಗಳನ್ನು ಮಂಜೂರು ಮಾಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿ ಆಗಷ್ಟೇ ಹೊಸ ಪಟ್ಟವನ್ನು ಸೃಷ್ಟಿಸಿತ್ತು. ಎರಡೂ ಪಟ್ಟಗಳನ್ನು ಒಂದೇ ಪಂದ್ಯದಲ್ಲಿ ಪಣಕ್ಕಿಟ್ಟರು. ನಾಲ್ಕನೇ ಸುತ್ತಿನಲ್ಲಿ ನೆಲಕ್ಕೆ ಬಿದ್ದರೂ ಎದ್ದು ಒಂಬತ್ತನೆಯದರಲ್ಲಿ ಲಿಯೊನಾರ್ಡ್ ಗೆದ್ದರು. ಅವರ ಎದೆಗಾರಿಕೆಗೆ ನಮಸ್ಕಾರ. ಆದರೆ 168 ದಾಟದ ಪಂದ್ಯದಲ್ಲಿ 175ರ ಚಾಂಪಿಯನ್ ಆದ ಆ ದಾಖಲೆಯನ್ನು ನಾನು ಮನಸಾರೆ ಒಪ್ಪಲಾರೆ. ಅವರು ಆ ಪಟ್ಟವನ್ನು ಒಮ್ಮೆಯೂ ಕಾಪಾಡಿಕೊಳ್ಳದೆ ಬಿಟ್ಟುಕೊಟ್ಟರು.

ಈ ಏರ್ಪಾಟಿನ ಎರಡೂ ಬದಿಗಳನ್ನು ಕಂಡವರು ಮೆಕ್ಸಿಕೋದ ಕನೆಲೊ ಆಲ್ವರೆಜ್. 2013ರಲ್ಲಿ, 23ನೇ ವಯಸ್ಸಿನಲ್ಲಿ, ಅವರು 154 ಪೌಂಡ್‌ನ ಚಾಂಪಿಯನ್. ಅಮೆರಿಕದ ಫ್ಲಾಯ್ಡ್ ಮೇವೆದರ್ ಜೊತೆಗಿನ ಪಂದ್ಯಕ್ಕೆ 152ಕ್ಕೆ ಇಳಿಯಬೇಕಾಯಿತು. ಆ ಅಂಕಿಯನ್ನು ಮೊದಲು ಹೇಳಿದವರು ಯಾರು ಎಂಬ ಬಗ್ಗೆ ಎರಡು ಕಡೆಯವರ ಮಾತು ಇಂದಿಗೂ ಹೊಂದುವುದಿಲ್ಲ. ಮೇವೆದರ್ ತೂಗಿದ್ದು ನೂರೈವತ್ತೂವರೆ. ಆ ರಾತ್ರಿ ಅವರು ಗೆದ್ದದ್ದು ಆ ಎರಡು ಪೌಂಡ್‌ಗಳಿಂದಲ್ಲ, ಕಾಲ್ಚಳಕ ಮತ್ತು ತಲೆಯಿಂದ. ಇದನ್ನು ಹೇಳದಿದ್ದರೆ ನನ್ನ ವಾದವೇ ಅನ್ಯಾಯವಾದೀತು. ಆದರೆ ಮುಂದೆ ಆದದ್ದನ್ನು ನೋಡಿ. ಆಲ್ವರೆಜ್ ತಾವೇ ದೊಡ್ಡ ಹೆಸರಾದ ಮೇಲೆ 160ರ ಪಟ್ಟವನ್ನು ಇಟ್ಟುಕೊಂಡು 155 ಪೌಂಡ್‌ಗೆ ಬ್ರಿಟನ್ನಿನ ಬಾಕ್ಸರ್ ಆಮಿರ್ ಖಾನ್ ಅವರನ್ನು ಎದುರಿಸಿದರು. 2017ರಲ್ಲಿ ಚಾವೆಜ್ ಜೂನಿಯರ್ ಅವರನ್ನು ನೂರ ಅರವತ್ತನಾಲ್ಕೂವರೆ ಪೌಂಡ್‌ಗೆ ಇಳಿಸಿದರು. ಮಿತಿ ಮೀರಿದರೆ ಪ್ರತಿ ಪೌಂಡ್‌ಗೆ ಹತ್ತು ಲಕ್ಷ ಡಾಲರ್ ದಂಡ ಎಂಬ ಷರತ್ತು ಬೇರೆ. ಚಾವೆಜ್ ತೂಕವನ್ನೇನೋ ಮುಟ್ಟಿಸಿದರು, ಆದರೆ ಹನ್ನೆರಡು ಸುತ್ತುಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ.

"ಎರಡು ಪೌಂಡ್ ಏನು ಮಹಾ" ಎಂದು ನೀವು ಕೇಳಿದ್ದೀರಿ. ಊಟ ಮಾಡಿ ಓಡಾಡಿಕೊಂಡಿರುವ ನಮಗೆ ಅದು ಏನೂ ಅಲ್ಲ. ಆದರೆ ಬಾಕ್ಸರ್ ತನ್ನ ವರ್ಗದ ಮಿತಿಯನ್ನು ಮುಟ್ಟುವ ಹೊತ್ತಿಗೇ ಕೊಬ್ಬೆಲ್ಲ ಕರಗಿಸಿ, ನೀರು ಕುಡಿಯುವುದನ್ನು ಬಿಟ್ಟು, ಬಿಸಿಕೋಣೆಯಲ್ಲಿ ಕೂತು ಬೆವರು ಹರಿಸಿರುತ್ತಾನೆ. ಅದರ ಕೆಳಗಿನ ಒಂದೊಂದು ಪೌಂಡ್ ಕೂಡ ಮೈಯ ನೀರೇ. ನೀರಿಳಿದ ದೇಹದಲ್ಲಿ ಕಾಲು ಸೋಲುತ್ತದೆ. ತೂಕ ನೋಡುವುದು ಪಂದ್ಯದ ಹಿಂದಿನ ದಿನ; ಮಿದುಳು ಒಂದೇ ದಿನದಲ್ಲಿ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ ಎಂಬುದು ವೈದ್ಯರ ಆತಂಕ. ಆ ತಲೆಯ ಮೇಲೆಯೇ ಮರುದಿನ ಗುದ್ದುಗಳು ಬೀಳುತ್ತವೆ.

ಇದರ ಮೇಲೆ ಇತ್ತೀಚೆಗೆ ಇನ್ನೊಂದು ಷರತ್ತು ಬಂದಿದೆ: ತೂಕ ನೋಡಿದ ನಂತರವೂ ಇಷ್ಟಕ್ಕಿಂತ ಹೆಚ್ಚು ತೂಕ ಏರಿಸಿಕೊಳ್ಳಬಾರದು. 2023ರಲ್ಲಿ ಜರ್ವೊಂಟಾ ಡೇವಿಸ್ ವಿರುದ್ಧ ರಯಾನ್ ಗಾರ್ಸಿಯಾ 136 ಪೌಂಡ್‌ಗೆ ಇಳಿದರು. ಪಂದ್ಯದ ದಿನ ಬೆಳಿಗ್ಗೆ 146 ದಾಟುವಂತಿರಲಿಲ್ಲ. ಏಳನೇ ಸುತ್ತಿನಲ್ಲಿ ಪಕ್ಕೆಗೆ ಬಿದ್ದ ಒಂದೇ ಏಟಿಗೆ ಮಂಡಿಯೂರಿದ ಗಾರ್ಸಿಯಾ ಮತ್ತೆ ಏಳಲಿಲ್ಲ. ಆ ಷರತ್ತು ಇಲ್ಲದಿದ್ದರೂ ಡೇವಿಸ್ ಗೆಲ್ಲುತ್ತಿದ್ದರು ಎಂದೇ ನನ್ನ ನಂಬಿಕೆ. 2025ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಕ್ರಿಸ್ ಯೂಬ್ಯಾಂಕ್ ಜೂನಿಯರ್ ತಮ್ಮದೇ 160ರ ವರ್ಗದಲ್ಲಿ ಕಾನರ್ ಬೆನ್ ಎದುರು ಕಣಕ್ಕಿಳಿದರು. ತಕ್ಕಡಿಯಲ್ಲಿ ಹೆಚ್ಚಾದದ್ದು 0.05 ಪೌಂಡ್, ಎಂದರೆ ಸುಮಾರು 23 ಗ್ರಾಂ. ಅದಕ್ಕೆ ತೆತ್ತ ದಂಡ ಮೂರೂ ಮುಕ್ಕಾಲು ಲಕ್ಷ ಪೌಂಡ್ ಹಣ. ಮರುದಿನ 170ರ ಮಿತಿ. ಗೆದ್ದರು, ಅಲ್ಲಿಂದ ಆಸ್ಪತ್ರೆಗೆ ಹೋದರು.

ಹಾಗೆಂದು ರಾತ್ರೋರಾತ್ರಿ ಎಷ್ಟು ಬೇಕಾದರೂ ತೂಕ ಏರಿಸಿಕೊಳ್ಳಲಿ ಎನ್ನಲೂ ನನಗೆ ಧೈರ್ಯವಿಲ್ಲ. 2000ದ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಜೋಯಿ ಗಮಾಷ್ ಮತ್ತು ಆರ್ಟುರೊ ಗಾಟಿ ನಡುವಿನ ಪಂದ್ಯದ ಕರಾರು 141 ಪೌಂಡ್. ಪಂದ್ಯದ ರಾತ್ರಿ ಗಮಾಷ್ 145, ಗಾಟಿ 160. ಎರಡನೇ ಸುತ್ತಿನಲ್ಲಿ ಗಮಾಷ್ ಪ್ರಜ್ಞೆ ತಪ್ಪಿ ಬಿದ್ದರು. ಮಿದುಳಿಗೆ ಪೆಟ್ಟಾಗಿ ಬಾಕ್ಸಿಂಗ್ ಬಿಟ್ಟರು. ತೂಕ ನೋಡುವುದರಲ್ಲಿ ಅಧಿಕಾರಿಗಳು ನಿರ್ಲಕ್ಷ್ಯ ತೋರಿದ್ದನ್ನು ನ್ಯಾಯಾಲಯ ಮುಂದೆ ಒಪ್ಪಿತು, ಆದರೆ ಪರಿಹಾರ ಕೊಡಿಸಲಿಲ್ಲ. ಹಾಗಾಗಿ ಪಂದ್ಯದ ದಿನದ ಮಿತಿ ಬೇಕು. ಅದು ಒಬ್ಬನನ್ನು ಕಟ್ಟಿಹಾಕಲು ಇನ್ನೊಬ್ಬನ ವಕೀಲರು ಬರೆಸುವ ಸಾಲಾಗದೆ, ಎಲ್ಲರಿಗೂ ಒಂದೇ ಆದ ನಿಯಮವಾಗಬೇಕು. ಇನ್ನೊಂದು ಮಂಜೂರು ಸಂಸ್ಥೆ ಐಬಿಎಫ್ ತನ್ನ ಪಟ್ಟದ ಪಂದ್ಯಗಳಲ್ಲಿ ಪಂದ್ಯದ ದಿನ ವರ್ಗದ ಮಿತಿಗಿಂತ ಹತ್ತು ಪೌಂಡ್‌ಗಿಂತ ಹೆಚ್ಚು ಏರಬಾರದು ಎಂದು ಇಬ್ಬರಿಗೂ ನಿಯಮ ಇಟ್ಟಿತ್ತು. ಡಬ್ಲ್ಯುಬಿಸಿ ಪಂದ್ಯಕ್ಕೆ 30 ದಿನ ಮತ್ತು 7 ದಿನ ಮೊದಲೇ ತೂಕ ನೋಡುತ್ತದೆ. ಕೊನೆಯ ಎರಡು ದಿನಗಳಲ್ಲಿ ನೀರು ಹಿಂಡುವ ಚಾಳಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಕಂಡಿಲ್ಲ.

ಚೌಕಾಸಿಗೆ ಅವಕಾಶವೇ ಇಲ್ಲದವರೂ ಇದ್ದಾರೆ. ಮೇರಿ ಕೋಮ್ 45, 46, 48 ಕೆ.ಜಿ.ಗಳಲ್ಲಿ ವಿಶ್ವ ಚಾಂಪಿಯನ್ ಆದವರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಇದ್ದದ್ದು ಮೂರೇ ವರ್ಗ, ಅತಿ ಚಿಕ್ಕದು 51. ಮೈಗೆ ತೂಕ ಹಚ್ಚಿಕೊಂಡು, ತಮಗಿಂತ ಎತ್ತರದ ಹುಡುಗಿಯರ ಎದುರು ನಿಂತು ಕಂಚು ತಂದರು. ಆ ಪದಕದ ತೂಕವನ್ನು ಇನ್ನೂ ನಾವು ಸರಿಯಾಗಿ ಅಳೆದಿಲ್ಲ ಎಂದೇ ನನಗೆ ಅನಿಸುತ್ತದೆ.

ಕೊನೆಯದಾಗಿ ಕ್ರಾಫರ್ಡ್. 2025ರ ಸೆಪ್ಟೆಂಬರ್‌ನಲ್ಲಿ ಅವರು 154ರಿಂದ ನೇರ 168ಕ್ಕೆ ಏರಿ ಆಲ್ವರೆಜ್ ಅವರನ್ನು ಅವರದೇ ತೂಕದಲ್ಲಿ ಸೋಲಿಸಿದರು. ಅದನ್ನು ಎಲ್ಲರಿಗೂ ಅಳತೆಗೋಲು ಮಾಡಬಾರದು ಎನ್ನುವಲ್ಲಿ ನೀವು ಸರಿ. 2016ರಲ್ಲಿ ಕೆಲ್ ಬ್ರೂಕ್ ಕೂಡ 147ರಿಂದ ಏರಿ ಗೊಲೊವ್‌ಕಿನ್ ಅವರನ್ನು 160ರಲ್ಲಿ ಎದುರಿಸಿದ್ದರು; ಕಣ್ಣಿನ ಸುತ್ತಲಿನ ಮೂಳೆ ಮುರಿಯಿತು, ಐದನೇ ಸುತ್ತಿನಲ್ಲಿ ತರಬೇತುದಾರರೇ ಟವೆಲ್ ಎಸೆದು ಅವರನ್ನು ಉಳಿಸಿಕೊಂಡರು. ಏರುವವನಿಗೆ ಮಧ್ಯದ ತೂಕ ಕೇಳುವ ಹಕ್ಕು ಇರಲಿ. ಆದರೆ ಹಾಗೆ ಕೇಳಿದವನು ಎದುರಾಳಿಯ ಪಟ್ಟವನ್ನೂ ಕೇಳಬಾರದು; ಕೇಳಿದರೆ ಮಂಜೂರು ಮಾಡುವ ಸಂಸ್ಥೆಗಳು ಕೊಡಬಾರದು. ಮುಂದೆಯೂ ಇಂಥ ಪಂದ್ಯಗಳ ಬಗ್ಗೆ ಬರೆಯುವಾಗ ಈ ಪತ್ರಿಕೆ ಇದೇ ನಿಲುವಿನಿಂದ ಬರೆಯುತ್ತದೆ.

— ಸಂಪಾದಕ