ಇಲಿಯ ವಾಸನೆ ಮತ್ತು ತೊಗರಿಯ ಮುಗ್ಗಲು: ಇಂಗ್ಲಿಷಿನ ಮೂಗಿನ ನುಡಿಗಟ್ಟುಗಳು

ಪ್ರಶ್ನೆ: ಕಲಬುರಗಿಯಲ್ಲಿ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಮಾದರಿ ಪ್ರಶ್ನೆಪತ್ರಿಕೆಯೊಂದರಲ್ಲಿ ‘ಸ್ಮೆಲ್ ಎ ರ‍್ಯಾಟ್’ ಎಂಬುದಕ್ಕೆ ‘ದುರ್ವಾಸನೆ ತಾಳಲಾರದಿರು’ ಎಂದು ಗುರುತು ಮಾಡಿ ಅಂಕ ಕಳೆದುಕೊಂಡೆ. ‘ಸ್ನಿಫ್ ಔಟ್’, ‘ಸ್ನಿಫ್ ಅಟ್’ ಎರಡೂ ಒಂದೇ ಎಂದುಕೊಂಡಿದ್ದೆ, ಅದೂ ತಪ್ಪಾಯಿತು. ಇವನ್ನು ಬಾಯಿಪಾಠ ಮಾಡದೆ ಕಲಿಯುವ ದಾರಿ ಇದೆಯೇ ಸರ್?
— ಓದುಗರೊಬ್ಬರು, ಕಲಬುರಗಿ

ಉತ್ತರ: ದಾರಿ ಖಂಡಿತ ಇದೆ, ಅದರ ಅರ್ಧಭಾಗ ನಿಮ್ಮ ಕನ್ನಡದಲ್ಲಿಯೇ ಇದೆ. ನೀವು ತಪ್ಪಿದ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸೋಣ. ‘ಸ್ನಿಫ್’ ಎಂದರೆ ಮೂಸು. ಅದಕ್ಕೆ ‘ಔಟ್’ ಸೇರಿದಾಗ ಅಡಗಿದ್ದನ್ನು ಮೂಸಿ ಹೊರಗೆಳೆಯುವ ಅರ್ಥ ಬರುತ್ತದೆ: ಪೊಲೀಸ್ ನಾಯಿ ಸ್ಫೋಟಕವನ್ನು ಪತ್ತೆ ಮಾಡುವುದೂ, ಲೆಕ್ಕ ತಪಾಸಣೆ ಮಾಡುವವರು ಸುಳ್ಳು ಬಿಲ್ಲನ್ನು ಹಿಡಿಯುವುದೂ ‘ಸ್ನಿಫ್ ಔಟ್’. ‘ಫೈಂಡ್ ಔಟ್’ ಎಂಬಲ್ಲಿರುವ ‘ಔಟ್’ ಕೂಡ ಇದೇ. ‘ಸ್ನಿಫ್ ಅಟ್’ ಎಂಬುದಕ್ಕೆ ನಮ್ಮಲ್ಲಿ ಹೇಳಿ ಮಾಡಿಸಿದಂತಹ ಮಾತಿದೆ: ಮೂಗು ಮುರಿಯುವುದು. ಆದರೆ ಪರೀಕ್ಷೆಗಳಲ್ಲಿ ಅದು ಬಹುಮಟ್ಟಿಗೆ ‘ನಾಟ್ ಟು ಬಿ ಸ್ನಿಫ್ಡ್ ಅಟ್’ ಎಂಬ ನಿಷೇಧರೂಪದಲ್ಲಿ ಬರುವುದರಿಂದ ಎಚ್ಚರ ಬೇಕು. ಒಂದು ಸಂಬಳದ ಕುರಿತು ಹಾಗೆ ಹೇಳಿದರೆ ಅದು ಕಡೆಗಣಿಸುವಂಥದ್ದಲ್ಲ, ಒಪ್ಪಿಕೊಳ್ಳಬಹುದಾದದ್ದು ಎಂದೇ ಅರ್ಥ. ಅಂದರೆ ಅದು ಹೊಗಳಿಕೆ.

‘ಸ್ಮೆಲ್ ಎ ರ‍್ಯಾಟ್’ 16ನೇ ಶತಮಾನದಿಂದಲೂ ಇಂಗ್ಲಿಷಿನಲ್ಲಿರುವ ಮಾತು. ಇಲಿ ಕಣ್ಣಿಗೆ ಬಿದ್ದಿಲ್ಲ, ಆದರೂ ಎಲ್ಲೋ ಇದೆ ಎಂದು ಮೂಗು ಹೇಳುತ್ತಿದೆ. ಆದ್ದರಿಂದ ಅದರ ಅರ್ಥ ಮೋಸದ ಗುಮಾನಿ ಬರುವುದು. ಕಲಬುರಗಿಯ ಬಾಜಾರದಲ್ಲಿ ಉರ್ದು ಬಲ್ಲವರು ಇದೇ ಸಂದರ್ಭಕ್ಕೆ ‘ದಾಲ್ ಮೇ ಕುಛ್ ಕಾಲಾ ಹೈ’ (ಬೇಳೆಯಲ್ಲಿ ಏನೋ ಕಪ್ಪಗಿದೆ) ಎನ್ನುತ್ತಾರೆ. ಇಂಗ್ಲಿಷಿನವರು ಮೂಗಿಗೆ ವಹಿಸಿದ ಕೆಲಸವನ್ನು ಉರ್ದು ಕಣ್ಣಿಗೆ ವಹಿಸಿದೆ, ಅಷ್ಟೇ. ‘ಗೆಟ್ ವಿಂಡ್ ಆಫ್’ ಎಂಬುದು ಗುಮಾನಿಯಲ್ಲ, ಸುಳಿವು. ಗಾಳಿಯಲ್ಲಿ ತೇಲಿಬಂದ ಬೇಟೆಗಾರನ ವಾಸನೆಗೆ ಜಿಂಕೆ ಕಿವಿ ನಿಮಿರಿಸುವಂತೆ, ಗುಟ್ಟಾಗಿದ್ದ ಸುದ್ದಿಯ ವಾಸನೆ ಹತ್ತುವುದು. ವಾಸನೆ ಹಿಡಿದು ಬರುವ ಬೇಟೆನಾಯಿಯ ದಾರಿ ತಪ್ಪಿಸುವಂತೆ, ಹುಡುಕುವವರ ದಾರಿ ತಪ್ಪಿಸುವುದು ‘ಥ್ರೋ ಆಫ್ ದ ಸೆಂಟ್’.

ಇವುಗಳಿಗಿಂತ ಹೆಚ್ಚು ಅಂಕ ಕಳೆಯುವುದು ಬರಿಯ ‘ಸ್ಮೆಲ್’ ಎಂಬ ಕ್ರಿಯಾಪದ ಎಂಬುದು ನನ್ನ ಅನುಭವ. ನಿಮ್ಮೂರಿನ ಎಪಿಎಂಸಿ ಅಂಗಳಕ್ಕೆ ಹೋಗಿ ನಿಂತು ನೋಡಿ. ಖರೀದಿದಾರರು ಚೀಲದ ಆಳಕ್ಕೆ ಕೈ ಇಳಿಸಿ, ಒಂದು ಹಿಡಿ ತೊಗರಿ ತೆಗೆದು, ಬೆರಳಿನಿಂದ ಹರಡಿ, ಮೂಗಿನ ಹತ್ತಿರ ತರುತ್ತಾರೆ. ಆ ಕ್ಷಣಕ್ಕೆ ‘ಹಿ ಈಸ್ ಸ್ಮೆಲಿಂಗ್ ದ ತೊಗರಿ’ ಎನ್ನಬೇಕು, ಏಕೆಂದರೆ ಅದು ಅವರು ಬೇಕೆಂದೇ ಮಾಡುತ್ತಿರುವ ಕೆಲಸ. ಕಾಳು ತೇವ ಹಿಡಿದು ಮುಗ್ಗಲು ನಾತ ಬರುತ್ತಿದ್ದರೆ ‘ದ ತೊಗರಿ ಸ್ಮೆಲ್ಸ್ ಮಸ್ಟಿ’. ಅಲ್ಲಿ ಕಾಳು ಏನನ್ನೂ ಮಾಡುತ್ತಿಲ್ಲ, ಅದರ ಗುಣ ತೋರುತ್ತಿದೆ. ಹೀಗಾಗಿ ‘ಈಸ್ ಸ್ಮೆಲಿಂಗ್’ ಸಲ್ಲುವುದಿಲ್ಲ. ಮುಂದೆ ಬರುವ ಪದವೂ ಗುಣವಾಚಕವೇ ಆಗಿರಬೇಕು. ಒಗ್ಗರಣೆ ಬಿದ್ದ ಬೇಳೆ ‘ಸ್ಮೆಲ್ಸ್ ಗುಡ್’, ‘ಸ್ಮೆಲ್ಸ್ ವೆಲ್’ ಅಲ್ಲ. ಯಾವುದರ ವಾಸನೆ ಎಂದು ಹೇಳಬೇಕಾದಾಗ ‘ಸ್ಮೆಲ್ಸ್ ಆಫ್’ ಬೇಕು: ಕೈ ‘ಸ್ಮೆಲ್ಸ್ ಆಫ್ ಹಿಂಗು’. ಅದೇ ಜಾಗದಲ್ಲಿ ‘ರೀಕ್ಸ್ ಆಫ್’ ಬಂದರೆ ಅಸಹ್ಯ ಬೆರೆಯುತ್ತದೆ, ‘ರೀಕ್ಸ್ ಆಫ್ ಕರಪ್ಷನ್’ ಎಂಬಂತೆ.

ಮುಂದೆ ಏನೂ ಸೇರಿಸದೆ ‘ಇಟ್ ಸ್ಮೆಲ್ಸ್’ ಎಂದರೆ ಏನೆಂದು ನಿಮಗೆ ಈಗಾಗಲೇ ಗೊತ್ತಿದೆ, ಏಕೆಂದರೆ ‘ವಾಸನೆ ಬರುತ್ತಿದೆ’ ಎಂದಷ್ಟೇ ಹೇಳಿದರೆ ನಮ್ಮಲ್ಲಿಯೂ ಕೆಟ್ಟ ವಾಸನೆ ಎಂದೇ ತಿಳಿಯುತ್ತಾರೆ. ಇನ್ನೂ ಸೋಜಿಗವೆಂದರೆ, ಹಳೆಯ ಇಂಗ್ಲಿಷಿನಲ್ಲಿ ‘ಸ್ಟಿಂಕ್’ ಎಂಬುದರ ಮೂಲರೂಪ ಒಳ್ಳೆಯ ವಾಸನೆಗೂ ಸಲ್ಲುತ್ತಿತ್ತು. ಹಳಗನ್ನಡದ ‘ನಾಱು’ ಕೂಡ ಸುಗಂಧ, ದುರ್ಗಂಧ ಎರಡಕ್ಕೂ ಬರುತ್ತಿತ್ತು. ಎರಡು ಭಾಷೆಗಳಲ್ಲೂ ಕಾಲ ಕಳೆದಂತೆ ದುರ್ಗಂಧವೊಂದೇ ಉಳಿಯಿತು.