ಎಂಟನೇ ನಂಬರಿನವನು, ಎಂಟನೇ ಮಹಡಿಯ ಮಂಜುಗಡ್ಡೆ

ಪ್ರಿಯ ತಂಗಿ,

ನಿಮ್ಮ ಪತ್ರ ಓದಿ ನಕ್ಕುಬಿಟ್ಟೆ, ಕ್ಷಮಿಸಿ. ಮಡಿಕೇರಿಯಿಂದ ಅಮೆರಿಕದ ವಾಷಿಂಗ್ಟನ್ ಪಕ್ಕದ ರೆಸ್ಟನ್ನಿಗೆ ಬಂದು ಮೂರು ತಿಂಗಳಾಗಿದೆ. ಕಚೇರಿಯ ಊಟದ ಮೇಜಿನಲ್ಲಿ ಯಾರೋ ಹಾಕಿ ಎಂದ ಕೂಡಲೇ, ಅಂತೂ ನನಗೆ ತಿಳಿದಿರುವ ಮಾತು ಬಂತು ಎಂದುಕೊಂಡು ನೀವು ಕೊಡಗಿನ ಕೌಟುಂಬಿಕ ಹಾಕಿ ಹಬ್ಬದ ಕಥೆ ತೆಗೆದಿರಿ. ತಂಡಕ್ಕೆ ಹನ್ನೊಂದು ಜನ ಎಂದಿರಿ. ಎಲ್ಲರೂ ಮುಖ ಮುಖ ನೋಡಿಕೊಂಡರು. ಅವರು ಆಡುತ್ತಿದ್ದದ್ದು ಐಸ್ ಹಾಕಿಯ ಮಾತು, ಅದರಲ್ಲೂ ಒವೆಚ್ಕಿನ್ ಎಂಬೊಬ್ಬನ ಮಾತು. ‘ಅಕ್ಕಾ, ಯಾರು ಈ ಮನುಷ್ಯ? ಇದನ್ನೆಲ್ಲ ತಿಳಿದುಕೊಳ್ಳದೆ ಇಲ್ಲಿ ಬದುಕಲು ಆಗುವುದಿಲ್ಲವೇ? ಎಷ್ಟು ದಿನಕ್ಕೆ ಇದು ನಮ್ಮ ಊರು ಅನ್ನಿಸುತ್ತದೆ?’ ಎಂದು ಕೇಳಿದ್ದೀರಿ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಧಾರಾಳವಾಗಿ ಬದುಕಬಹುದು. ನಮ್ಮ ಮನೆಯವರು ಈ ದೇಶಕ್ಕೆ ಬಂದು ಇಪ್ಪತ್ತು ವರ್ಷ ದಾಟಿದೆ, ಇವತ್ತಿಗೂ ಟಿವಿಯ ಮುಂದೆ ಹಾದುಹೋಗುವಾಗ ‘ಇನ್ನೂ ಮುಗಿದಿಲ್ಲವೇ ಇದು’ ಎನ್ನುತ್ತಾರೆ. ಅವರ ಬದುಕಿಗೆ ಏನೂ ಕೊರತೆಯಾಗಿಲ್ಲ. ಉಳಿದ ಎರಡು ಪ್ರಶ್ನೆಗಳು ನನ್ನ ಮಟ್ಟಿಗೆ ಒಂದಕ್ಕೊಂದು ಹೆಣೆದುಕೊಂಡಿವೆ. ಆದ್ದರಿಂದ ಸ್ವಲ್ಪ ಉದ್ದವಾಗುತ್ತದೆ, ಕಾಫಿ ಮಾಡಿಕೊಂಡು ಕುಳಿತುಕೊಳ್ಳಿ.

ನಾನು ಸಿರ್ಸಿ ಕಡೆಯವಳು. ಚಳಿ ಎಂದರೆ ಅಡಿಕೆ ತೋಟದ ಇಬ್ಬನಿ ಎಂದಷ್ಟೇ ತಿಳಿದಿದ್ದವಳು, 2005ರ ಅಕ್ಟೋಬರಿನಲ್ಲಿ ಮದುವೆಯಾಗಿ ವಾಷಿಂಗ್ಟನ್ನಿಗೆ ಅಂಟಿಕೊಂಡಿರುವ ಆರ್ಲಿಂಗ್ಟನ್ನಿಗೆ ಬಂದಿಳಿದೆ. ಅವಲಂಬಿತರಿಗೆ ಕೊಡುವ ಎಚ್-4 ವೀಸಾ. ಆಗ ದುಡಿಯಲು ಅನುಮತಿ ಇರಲಿಲ್ಲ. ಯಜಮಾನರು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು, ಡಿಸೆಂಬರಿನಲ್ಲಿ ಆ ಕತ್ತಲೂ ಐದು ಗಂಟೆಗೇ ಆಗುತ್ತಿತ್ತು. ಮಾತನಾಡಲು ಇದ್ದದ್ದು ಟಿವಿ ಒಂದೇ. ಅದರಲ್ಲಿ ಒಂದು ಸಂಜೆ ಹಲ್ಲು ಕಿಸಿಯುತ್ತಾ, ಎದುರಿಗೆ ಬಂದವರನ್ನೆಲ್ಲ ಗಾಜಿನ ಗೋಡೆಗೆ ಅಪ್ಪಳಿಸುತ್ತಾ ಓಡಾಡುವ ಒಬ್ಬ ಹುಡುಗ ಕಂಡ. ಅಲೆಕ್ಸಾಂಡರ್ ಒವೆಚ್ಕಿನ್, ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡ, ಎಂಟನೇ ನಂಬರು, ಆಗಿನ್ನೂ ಇಪ್ಪತ್ತು ವರ್ಷ. ನನಗಿಂತ ಎರಡೇ ಎರಡು ವಾರ ಮುಂಚೆ, ಅಕ್ಟೋಬರ್ 5ರಂದು, ಇಲ್ಲಿ ಮೊದಲ ಪಂದ್ಯ ಆಡಿ ಎರಡು ಗೋಲು ಹೊಡೆದಿದ್ದ. (ಪತ್ರಿಕೆಗಳು ಬಹುವಚನ ಬಳಸುತ್ತವೆ. ಇಪ್ಪತ್ತು ವರ್ಷ ಕಣ್ಣೆದುರಿಗೆ ಬೆಳೆದವನನ್ನು ‘ಅವರು’ ಎನ್ನಲು ನನಗೆ ನಾಲಗೆ ಹೊರಳುವುದಿಲ್ಲ.)

ಮಾಸ್ಕೋದ ಹುಡುಗ. ತಾಯಿ ತತಿಯಾನಾ ಸೋವಿಯತ್ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ 1976 ಮತ್ತು 1980ರ ಒಲಿಂಪಿಕ್ಸ್ ಚಿನ್ನ ಗೆದ್ದವರು. ಎಂಟು ಆಕೆಯ ನಂಬರು, ಅದನ್ನೇ ಮಗ ಬೆನ್ನಿಗೆ ಹಾಕಿಕೊಂಡ. ಅವನಿಗೆ ಹತ್ತು ವರ್ಷವಾಗಿದ್ದಾಗ ಅಣ್ಣ ತೀರಿಕೊಂಡಿದ್ದ. 2004ರಲ್ಲಿ ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲನೆಯವನಾಗಿ ವಾಷಿಂಗ್ಟನ್ ಅವನನ್ನು ಆರಿಸಿಕೊಂಡಿತು. ಆದರೆ ಮಾಲೀಕರಿಗೂ ಆಟಗಾರರಿಗೂ ಸಂಬಳದ ಜಟಾಪಟಿ ನಡೆದು ಎನ್‌ಎಚ್‌ಎಲ್ ಎಂಬ ಇಲ್ಲಿನ ಐಸ್ ಹಾಕಿ ಲೀಗ್ ಆ ವರ್ಷ ಪೂರ್ತಿ ರದ್ದಾಯಿತು. ಅವನೂ ಒಂದು ವರ್ಷ ಕಾಯಬೇಕಾಯಿತು. ಬಂದಾಗ ಇಂಗ್ಲಿಷ್ ಅಷ್ಟಕ್ಕಷ್ಟೆ. ನನ್ನ ಇಂಗ್ಲಿಷೂ ಓದಿ ಬರೆಯುವುದಕ್ಕೆ ಸರಿ, ಅಂಗಡಿಯವಳು ಏನಾದರೂ ಕೇಳಿದರೆ ತಲೆಯಾಡಿಸುವ ಜಾತಿಯದು. ಜೋ ಬೆನಿನಾಟಿ ಮತ್ತು ಕ್ರೇಗ್ ಲಾಫ್ಲಿನ್ ಎಂಬ ವೀಕ್ಷಕ ವಿವರಣೆಕಾರರಿಂದ ನಾನು ಕಿವಿ ಪಳಗಿಸಿಕೊಂಡೆ. ಅಷ್ಟು ವೇಗದ ಮಾತು ಅರ್ಥವಾಗತೊಡಗಿದ ಮೇಲೆ ಅಂಗಡಿಯವಳ ಮಾತು ನಿಧಾನವಾಗಿ ಕೇಳಿಸತೊಡಗಿತು.

ಆಟ ಹೀಗಿದೆ. ಒಂದು ಕಡೆಗೆ ಗೋಲಿಯೂ (ಗೋಲು ಕಾಯುವವನು) ಸೇರಿ ಆರು ಜನ. ಇಪ್ಪತ್ತು ನಿಮಿಷದ ಮೂರು ಅವಧಿ. ಚೆಂಡಿನ ಬದಲು ಪಕ್, ಅಂದರೆ ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ಪುಟಿಯಬಾರದೆಂದು ಅದನ್ನು ಆಟಕ್ಕೆ ಮುಂಚೆ ಫ್ರೀಜರಿನಲ್ಲಿಡುತ್ತಾರೆ. ತಪ್ಪು ಮಾಡಿದವನನ್ನು ಎರಡು ನಿಮಿಷ ಹೊರಗೆ ಕೂರಿಸುತ್ತಾರೆ. ಆಗ ಎದುರಿನ ತಂಡಕ್ಕೆ ಒಬ್ಬ ಆಟಗಾರ ಹೆಚ್ಚು, ಅದು ಪವರ್ ಪ್ಲೇ. ಆಫ್‌ಸೈಡ್ ಮತ್ತು ಐಸಿಂಗ್ ಏನೆಂದು ಮೊದಲ ವರ್ಷ ಕೇಳಲೇಬೇಡಿ, ತಲೆನೋವು.

ಪವರ್ ಪ್ಲೇ ಬಂತೆಂದರೆ ಒವೆಚ್ಕಿನ್ ಹೋಗಿ ನಿಲ್ಲುವುದು ಒಂದೇ ಜಾಗದಲ್ಲಿ. ಗೋಲಿನ ಎಡಗಡೆಗೆ ಮಂಜುಗಡ್ಡೆಯ ಮೇಲೆ ಒಂದು ಕೆಂಪು ವೃತ್ತವಿದೆ, ಅಲ್ಲಿ. ಇಲ್ಲಿನವರು ಆ ಜಾಗವನ್ನು ಅವನ ‘ಆಫೀಸ್’ ಎಂದೇ ಕರೆಯುತ್ತಾರೆ. ಪಕ್ ಅವನತ್ತ ಬರುತ್ತದೆ, ನಿಲ್ಲಿಸದೆ ಹಾಗೆಯೇ ಬೀಸುತ್ತಾನೆ. ಎದುರಾಳಿಗಳಿಗೆ ಗೊತ್ತು, ಗೋಲಿಗೆ ಗೊತ್ತು, ಪಾಪ್‌ಕಾರ್ನ್ ಮಾರುವವನಿಗೂ ಗೊತ್ತು. ಬಯಲಾಟದಲ್ಲಿ ಭೀಮ ದುಶ್ಶಾಸನನನ್ನು ಕೊಲ್ಲುತ್ತಾನೆ ಎಂದು ತಿಳಿದೂ ನಾವು ಬೆಳಗಿನ ಜಾವದವರೆಗೆ ಕೂರುತ್ತೇವಲ್ಲ, ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ದುಶ್ಶಾಸನನೂ ತಪ್ಪಿಸಿಕೊಳ್ಳುವುದಕ್ಕೆಂದೇ ಲಕ್ಷಗಟ್ಟಲೆ ಡಾಲರ್ ಸಂಬಳ ಪಡೆಯುತ್ತಾನೆ. ಪವರ್ ಪ್ಲೇ ಗೋಲುಗಳಲ್ಲಿ ಡೇವ್ ಆಂಡ್ರೆಚುಕ್ ಅವರ 274ರ ದಾಖಲೆಯನ್ನು ದಾಟಿದ್ದು ಹೀಗೆಯೇ.

ಮೊದಲ ವರ್ಷವೇ 52 ಗೋಲು, ಶ್ರೇಷ್ಠ ಹೊಸ ಆಟಗಾರನಿಗೆ ಕೊಡುವ ಕಾಲ್ಡರ್ ಟ್ರೋಫಿ. 2006ರ ಜನವರಿ 16ರಂದು ಅರಿಜೋನಾದಲ್ಲಿ ಹೊಡೆದ ಒಂದು ಗೋಲನ್ನು ಹುಡುಕಿ ನೋಡಿ. ಬಿದ್ದಿದ್ದಾನೆ, ಬೆನ್ನಡಿಯಾಗಿ ಉರುಳುತ್ತಿದ್ದಾನೆ, ಮುಖ ಗೋಲಿನ ಕಡೆಗಿಲ್ಲ. ಆ ಸ್ಥಿತಿಯಲ್ಲಿ ತಲೆಯ ಹಿಂದಿನಿಂದ ಕೋಲು ಚಾಚಿ ಪಕ್ಕನ್ನು ಬಲೆಗೆ ತಳ್ಳುತ್ತಾನೆ. ಅಂದು ಎದುರು ತಂಡಕ್ಕೆ ಕೋಚ್ ಆಗಿ ನಿಂತಿದ್ದವರು ವೇಯ್ನ್ ಗ್ರೆಟ್ಸ್ಕಿ. 894 ಗೋಲುಗಳ ಒಡೆಯ. ಆ ಸಂಖ್ಯೆಯನ್ನು ಯಾರೂ ಮುಟ್ಟುವುದಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲ ಅದು.

2006ರ ಕೊನೆಯಲ್ಲಿ ನಮ್ಮ ಮನೆಯ ಹತ್ತಿರವೇ, ಬಾಲ್‌ಸ್ಟನ್ನಿನಲ್ಲಿ, ಮಾಲ್ ಒಂದರ ಕಾರು ನಿಲ್ಲಿಸುವ ಕಟ್ಟಡದ ನೆತ್ತಿಯ ಮೇಲೆ, ಎಂಟನೇ ಮಹಡಿಯಲ್ಲಿ ತಂಡದ ಅಭ್ಯಾಸದ ಅಂಗಳ ತೆರೆಯಿತು. ಅಭ್ಯಾಸ ನೋಡಲು ಟಿಕೆಟ್ ಇಲ್ಲ. ದುಡಿಮೆ ಇಲ್ಲದವಳಿಗೆ ಇನ್ನೇನು ಬೇಕು? ಬೆಳಿಗ್ಗೆ ಪಾತ್ರೆ ತೊಳೆದಿಟ್ಟು, ಶಾಲು ಹೊದ್ದು, ಅಲ್ಲಿ ಹೋಗಿ ಕೂರುತ್ತಿದ್ದೆ. ಒವೆಚ್ಕಿನ್ನನ ಹಳದಿ ಲೇಸಿನ ಬೂಟು, ಮುಂದಿನ ಹಲ್ಲೊಂದು ಇಲ್ಲದ ನಗು. ಎಲ್ಲರೂ ಒಳಗೆ ಹೋದ ಮೇಲೂ ಅದೇ ಎಡಗಡೆಯ ವೃತ್ತದಲ್ಲಿ ನಿಂತು ಹೊಡೆಯುತ್ತಿದ್ದ. ಹತ್ತರಲ್ಲಿ ನಾಲ್ಕು ಗಾಜಿಗೆ ಬಡಿದು ಫಟ್ಟೆನ್ನುತ್ತಿದ್ದವು. ಪಕ್ಕದಲ್ಲಿ ಕೂರುತ್ತಿದ್ದ ನಿವೃತ್ತ ಅಂಚೆ ನೌಕರರೊಬ್ಬರು ನನಗೆ ಈ ದೇಶದಲ್ಲಿ ಸಿಕ್ಕ ಮೊದಲ ಸ್ನೇಹಿತರು. ನಾನು ಚಕ್ಕುಲಿ ಕೊಡುತ್ತಿದ್ದೆ, ಅವರು ನಿಯಮಗಳನ್ನು ಹೇಳಿಕೊಡುತ್ತಿದ್ದರು. ಐಸಿಂಗ್ ಮಾತ್ರ ಅವರಿಂದಲೂ ಆಗಲಿಲ್ಲ.

ಪ್ರಶಸ್ತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2007-08ರಲ್ಲಿ 65 ಗೋಲು. ಅದೇ ಜನವರಿಯಲ್ಲಿ 13 ವರ್ಷಕ್ಕೆ 12.4 ಕೋಟಿ ಡಾಲರಿನ ಒಪ್ಪಂದ. ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿ 2008, 2009 ಮತ್ತು 2013ರಲ್ಲಿ. ಅತಿ ಹೆಚ್ಚು ಗೋಲಿನ ರಿಚರ್ಡ್ ಟ್ರೋಫಿ ಒಂಬತ್ತು ಬಾರಿ. ಒಂದು ಋತುವಿನಲ್ಲಿ 50 ಅಥವಾ ಹೆಚ್ಚು ಗೋಲು, ಅದೂ ಒಂಬತ್ತು ಬಾರಿ.

ಇದೆಲ್ಲ ಇದ್ದೂ ಲೀಗ್ ಗೆದ್ದವರಿಗೆ ಕೊಡುವ ಸ್ಟಾನ್ಲಿ ಕಪ್ ಇರಲಿಲ್ಲ. ವರ್ಷವಿಡೀ ಗೆದ್ದು, ಏಪ್ರಿಲ್, ಮೇ ತಿಂಗಳಲ್ಲಿ ಕಪ್ಪಿಗಾಗಿ ನಡೆಯುವ ಕೊನೆಯ ಸುತ್ತುಗಳು, ಅಂದರೆ ಪ್ಲೇಆಫ್, ಬಂದ ಕೂಡಲೇ ಮುಗ್ಗರಿಸುವುದು ನಮ್ಮ ತಂಡದ ಜಾಯಮಾನವಾಗಿತ್ತು. 2010ರಲ್ಲಿ ಇಡೀ ಲೀಗಿಗೆ ಮೊದಲಿಗರಾಗಿದ್ದವರು ಮಾಂಟ್ರಿಯಲ್ ವಿರುದ್ಧದ ಏಳು ಪಂದ್ಯಗಳ ಸರಣಿಯಲ್ಲಿ 3-1 ಮುನ್ನಡೆಯಲ್ಲಿದ್ದು, ಸಾಲಾಗಿ ಮೂರು ಪಂದ್ಯ ಸೋತು ಮೊದಲ ಸುತ್ತಿನಲ್ಲೇ ಮನೆಗೆ ಬಂದರು. ಆ ರಾತ್ರಿ ಅನ್ನ ಬಡಿಸಿಕೊಂಡು ತಟ್ಟೆ ಹಾಗೆಯೇ ಬಿಟ್ಟೆ. ಮರುದಿನ ತರಕಾರಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹುಡುಗ ನನ್ನ ಮುಖ ನೋಡಿ, ಏನೂ ಹೇಳದೆ ತಲೆ ಅಲ್ಲಾಡಿಸಿದ. ನಾನೂ ಅಲ್ಲಾಡಿಸಿದೆ. ಅಲ್ಲಿಯವರೆಗೆ ಐದು ವರ್ಷದಲ್ಲಿ ದೀಪಾವಳಿಗೂ ಯುಗಾದಿಗೂ ಈ ಊರಿನಲ್ಲಿ ನಾನು ನೆಂಟಳ ಹಾಗೆ ಇದ್ದೆ. ನಿಮ್ಮ ಮೂರನೆಯ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ಆ ಹುಡುಗ ತಲೆ ಅಲ್ಲಾಡಿಸಿದ ಗಳಿಗೆ. ನಿಮಗೆ ಬೇರೆ ಯಾವುದೋ ಬರಬಹುದು, ಬಾರದೆಯೂ ಇರಬಹುದು.

2015ರ ಮೇ ತಿಂಗಳಿನಿಂದ ನಮ್ಮಂಥ ಕೆಲವು ಎಚ್-4 ಹೆಂಗಸರಿಗೆ ದುಡಿಯಲು ಅನುಮತಿ ಸಿಕ್ಕಿತು. ಮೊದಲ ಸಂದರ್ಶನದಲ್ಲಿ ಒಬ್ಬಾತ ಹತ್ತು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದ. ಹಾಕಿ ನೋಡುತ್ತಿದ್ದೆ ಎಂಬ ಮಾತು ಬಾಯಿಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಆ ಕೆಲಸ ಸಿಗಲಿಲ್ಲ. ನಾಲ್ಕನೆಯ ಸಂದರ್ಶನದಲ್ಲಿ ಹೇಳಿಯೇಬಿಟ್ಟೆ, ಅಲ್ಲಿ ಸಿಕ್ಕಿತು. ಇದರಿಂದ ಏನನ್ನೂ ಕಲಿಯಬೇಡಿ, ಆ ಸಂದರ್ಶಕಿ ನಮ್ಮ ತಂಡದ ಕಡುವೈರಿ ಪಿಟ್ಸ್‌ಬರ್ಗಿನವಳಾಗಿದ್ದರೆ ಬಾಗಿಲು ತೋರಿಸುತ್ತಿದ್ದಳು.

2018ರ ಜೂನ್ 7ರಂದು ಲಾಸ್ ವೇಗಸ್ಸಿನಲ್ಲಿ ಕೊನೆಗೂ ಸ್ಟಾನ್ಲಿ ಕಪ್ ಬಂತು. 1974ರಲ್ಲಿ ಹುಟ್ಟಿದ ತಂಡಕ್ಕೆ ಅದೇ ಮೊದಲು. ಒವೆಚ್ಕಿನ್ ಆ ಬೆಳ್ಳಿಯ ಕಪ್ಪನ್ನು ತಲೆಯ ಮೇಲೆತ್ತಿ ಕಿರುಚಿದ. ಅದೇ ವಾರಾಂತ್ಯದಲ್ಲಿ ಜಾರ್ಜ್‌ಟೌನಿನ ನದೀತೀರದ ಕಾರಂಜಿಯಲ್ಲಿ ಬಿದ್ದು ಹೊರಳಾಡಿದ. ಮೆರವಣಿಗೆಗೆ ನಾನೂ ಹೋಗಿದ್ದೆ. ಬಿಸಿಲಿಗೆ ಮುಖ ಸುಟ್ಟು ಒಂದು ವಾರ ಮಜ್ಜಿಗೆ ಹಚ್ಚಿಕೊಂಡೆ.

ಇನ್ನು ಗ್ರೆಟ್ಸ್ಕಿಯ 894ರ ದಾಖಲೆ. ಲೆಕ್ಕಕ್ಕೆ ಬರುವುದು ಲೀಗ್ ಹಂತದ ಗೋಲುಗಳು ಮಾತ್ರ, ಪ್ಲೇಆಫ್ ಸೇರುವುದಿಲ್ಲ. ಗ್ರೆಟ್ಸ್ಕಿಗೆ ಪ್ಲೇಆಫಿನಲ್ಲಿ ಬೇರೆ 122 ಇವೆ. 2022ರ ಡಿಸೆಂಬರಿನಲ್ಲಿ ಎರಡನೆಯ ಸ್ಥಾನದಲ್ಲಿದ್ದ ಗಾರ್ಡಿ ಹೋವ್ ಅವರ 801 ದಾಟಿದ ಮೇಲೆ ಊರಿಗೆ ಊರೇ ಎಣಿಸತೊಡಗಿತು. 2024ರ ನವೆಂಬರಿನಲ್ಲಿ ಕಾಲಿನ ಮೂಳೆ ಮುರಿಯಿತು. ವಯಸ್ಸು 39, ಮುಗಿಯಿತು ಎಂದುಕೊಂಡೆವು. 16 ಪಂದ್ಯ ತಪ್ಪಿಸಿಕೊಂಡು, ಮರಳಿ ಬಂದ ಪಂದ್ಯದಲ್ಲೇ ಗೋಲು ಹೊಡೆದ.

2025ರ ಏಪ್ರಿಲ್ 4ರಂದು ಇಲ್ಲಿಯೇ ಎರಡು ಗೋಲು ಹೊಡೆದು 894ಕ್ಕೆ ಸಮನಾದ. ಏಪ್ರಿಲ್ 6, ಭಾನುವಾರ. ಶ್ರೀರಾಮನವಮಿ. ನ್ಯೂಯಾರ್ಕಿನಲ್ಲಿ ಐಲ್ಯಾಂಡರ್ಸ್ ವಿರುದ್ಧ ಪಂದ್ಯ, ಮಧ್ಯಾಹ್ನ. ನೈವೇದ್ಯಕ್ಕೆ ಪಾನಕಕ್ಕೆ ಬೆಲ್ಲ ಕರಗಿಸುತ್ತಾ, ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಾ ಅಡುಗೆಮನೆಯಿಂದಲೇ ಇಣುಕುತ್ತಿದ್ದೆ. ಎರಡನೆಯ ಅವಧಿಯಲ್ಲಿ ಪವರ್ ಪ್ಲೇ ಸಿಕ್ಕಿತು. ಟಾಮ್ ವಿಲ್ಸನ್ ಕೊಟ್ಟ ಪಾಸ್, ಎಡಗಡೆ, ಅದೇ ಜಾಗದ ಕಡೆಯಿಂದ ಬೀಸಿದ. ಗೋಲಿನಲ್ಲಿದ್ದ ಇಲ್ಯಾ ಸೊರೋಕಿನ್ ಕೂಡ ರಷ್ಯಾದವನೇ. 895. ಒವೆಚ್ಕಿನ್ ಮಂಜುಗಡ್ಡೆಯ ಮೇಲೆ ಹೊಟ್ಟೆಯಡಿಯಾಗಿ ಧುಮುಕಿ ಜಾರಿದ. ಆಟ ನಿಲ್ಲಿಸಿದರು, ಗ್ರೆಟ್ಸ್ಕಿಯೇ ಅಂಗಳಕ್ಕಿಳಿದು ಬಂದು ಅಭಿನಂದಿಸಿದರು. ಅದು ಒವೆಚ್ಕಿನ್ನನ 1,487ನೇ ಪಂದ್ಯ. ಗ್ರೆಟ್ಸ್ಕಿ ಒಟ್ಟು ಆಡಿದ್ದೂ 1,487. ಪಂದ್ಯವನ್ನು ಮಾತ್ರ ನಮ್ಮವರು 4-1ರಿಂದ ಸೋತರು, ಅದು ಯಾರಿಗೂ ನೆನಪಿಲ್ಲ. ರಾಮನಿಗೆ ಅಂದು ನೈವೇದ್ಯ ಮುಕ್ಕಾಲು ಗಂಟೆ ತಡವಾಯಿತು.

ಊಟದ ಮೇಜಿನಲ್ಲಿ ‘ಗ್ರೆಟ್ಸ್ಕಿ ದೊಡ್ಡವನೋ, ಇವನೋ’ ಎಂಬ ವಾದ ಎದ್ದರೆ ಸುಮ್ಮನಿದ್ದು ಕೇಳಿ. ಗ್ರೆಟ್ಸ್ಕಿ ಬೇರೆಯವರ ಗೋಲಿಗೆ ನೆರವಾದದ್ದೇ 1,963 ಬಾರಿ. ಒಟ್ಟಾರೆ ಆಟಗಾರನಾಗಿ ಅವರ ಎತ್ತರ ಬೇರೆ. ಆದರೆ ಗೋಲು ಹೊಡೆಯುವುದೊಂದನ್ನೇ ನೋಡಿದರೆ ನನ್ನ ಮತ ಇವನಿಗೆ. 1980ರ ದಶಕದ ಆರಂಭದಲ್ಲಿ ಪಂದ್ಯವೊಂದಕ್ಕೆ ಎರಡೂ ತಂಡ ಸೇರಿ ಸುಮಾರು ಎಂಟು ಗೋಲು ಬರುತ್ತಿದ್ದವು, ಇವನ ಕಾಲದಲ್ಲಿ ಆರರ ಆಸುಪಾಸು. ಗೋಲಿಗಳು ದೊಡ್ಡ ಪ್ಯಾಡ್ ಕಟ್ಟಿಕೊಂಡು ಬಾಗಿಲು ಮುಚ್ಚಿದ ಹಾಗೆ ಕೂರುತ್ತಾರೆ. ಜೊತೆಗೆ 2004-05 ಪೂರ್ತಿ ಹೋಯಿತು, 2012-13ರಲ್ಲಿ 48 ಪಂದ್ಯ ಮಾತ್ರ ನಡೆದವು, ಕೋವಿಡ್ಡಿನ ಎರಡು ಋತು ಅರೆಬರೆ.

ಒಂದು ಮಾತು ಎಚ್ಚರಿಕೆಗೆ. 2017ರಲ್ಲಿ ಪುಟಿನ್ ಬೆಂಬಲಕ್ಕೆ ‘ಪುಟಿನ್ ಟೀಮ್’ ಎಂಬ ಅಭಿಯಾನ ಶುರು ಮಾಡಿದವನು ಇವನೇ. 2022ರಲ್ಲಿ ಉಕ್ರೇನ್ ಮೇಲೆ ದಾಳಿ ನಡೆದಾಗ ಯುದ್ಧ ಬೇಡ ಎಂದ, ಆದರೆ ಪುಟಿನ್ನನ್ನು ಟೀಕಿಸಲಿಲ್ಲ. ನಮ್ಮ ಕಟ್ಟಡದಲ್ಲಿ ಕೀವ್ ಕಡೆಯ ಹಿರಿಯ ಹೆಂಗಸೊಬ್ಬರಿದ್ದಾರೆ. ಅಂದಿನಿಂದ ನಾನು ಎಂಟನೇ ನಂಬರಿನ ಕೆಂಪು ಜೆರ್ಸಿ ತೊಟ್ಟು ಅವರ ಜೊತೆ ಲಿಫ್ಟ್ ಹತ್ತುವುದಿಲ್ಲ, ಮೆಟ್ಟಿಲು ಇಳಿದು ಹೋಗುತ್ತೇನೆ. ಆಟ ನೋಡುವುದನ್ನು ಬಿಟ್ಟಿಲ್ಲ. ಇದು ಸರಿಯೇ ಎಂದು ನೀವು ಕೇಳಿದರೆ ನನಗೆ ನಾಚಿಕೆಯಾಗುತ್ತದೆ, ಕೇಳಬೇಡಿ.

2025ರ ನವೆಂಬರ್ 5ರಂದು ಸೇಂಟ್ ಲೂಯಿಸ್ ವಿರುದ್ಧ 900 ಆಯಿತು. ಲೀಗಿನಲ್ಲಿ ಆ ಸಂಖ್ಯೆ ಮುಟ್ಟಿದ ಮೊದಲಿಗ. ಗೋಲು ತಿಂದ ಗೋಲಿ ಆ ಪಕ್ಕನ್ನು ತನ್ನ ಚಡ್ಡಿಯೊಳಗೆ ಸೇರಿಸಿಕೊಂಡುಬಿಟ್ಟ. ಅಧಿಕಾರಿಗಳು ಹೋಗಿ ಕೇಳಿ ಈಚೆಗೆ ತೆಗೆಸಿದರು. ನಾಳೆ ಮೇಜಿನಲ್ಲಿ ಈ ಪ್ರಸಂಗ ಎತ್ತಿ ನೋಡಿ. ಸಂಖ್ಯೆಗಳಿಗಿಂತ ಇದಕ್ಕೆ ಜನ ಬೇಗ ಬಾಯಿ ಬಿಡುತ್ತಾರೆ. ಅವರು ನಕ್ಕು ಮುಗಿಸಿದ ಮೇಲೆ ನಿಮ್ಮ ಕೊಡಗಿನ ಕಥೆಯನ್ನು ಇನ್ನೊಮ್ಮೆ ಹೇಳಿ. ಒಂದೊಂದು ಮನೆತನವೂ ಒಂದೊಂದು ತಂಡ ಕಟ್ಟಿಕೊಂಡು 1997ರಿಂದ ಆಡುತ್ತಿದೆ ಎಂದರೆ ಅವರೇ ಬಾಯಿ ಬಿಟ್ಟು ಕೇಳುತ್ತಾರೆ.

ಪಂದ್ಯದ ಟಿಕೆಟ್ ದುಬಾರಿ, ಸದ್ಯಕ್ಕೆ ಬೇಡ. ರೆಸ್ಟನ್ನಿನಲ್ಲಿ ಸಿಲ್ವರ್ ಲೈನ್ ಹತ್ತಿದರೆ ನೇರ ಬಾಲ್‌ಸ್ಟನ್. ತಂಡ ಊರಿನಲ್ಲಿದ್ದು ಅಭ್ಯಾಸವಿರುವ ಶನಿವಾರ ನೋಡಿ ಹೇಳುತ್ತೇನೆ. ನಾನು ನಿಲ್ದಾಣದ ಮೇಲೆ ಕೆಂಪು ಶಾಲು ಹೊದ್ದು ನಿಂತಿರುತ್ತೇನೆ. ಒಳಗೆ ಹೊರಗಿಗಿಂತ ಚಳಿ, ಸ್ವೆಟರ್ ಮರೆಯಬೇಡಿ. ಚಕ್ಕುಲಿ ನಾನು ತರುತ್ತೇನೆ. ಮನೆಯಿಂದ ಬರುವಾಗ ಕಾಫಿಪುಡಿ ತಂದಿದ್ದರೆ ಒಂದು ಸಣ್ಣ ಪೊಟ್ಟಣ ನನಗೆ.

ನಿಮ್ಮ ಅಕ್ಕ